ಓದುಗರ ಪ್ರಶ್ನೆ: ಇವ್ಯಾಲ್ ಬಳಸಲೇ, ಬೇಡವೇ?

ಪ್ರಶ್ನೆ: ಸಾಗಣೆ ಖರ್ಚು ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಲೆಕ್ಕದ ಸೂತ್ರ ಆಗಾಗ ಬದಲಾಗುತ್ತದೆ, ಪ್ರತಿ ಸಲ ನಾನೇ ಕೋಡ್ ತಿದ್ದಬೇಕು. ಬಳಸುವವರೇ 'ದರ * ತೂಕ + 50' ಅಂತ ಬರೆದುಕೊಂಡರೆ ಇವ್ಯಾಲ್ ಫಂಕ್ಷನ್ ಅದನ್ನು ಲೆಕ್ಕ ಹಾಕಿಕೊಡುತ್ತದೆ. ಗೆಳೆಯ ಮಾತ್ರ 'ಅದನ್ನು ಮುಟ್ಟಲೇಬೇಡ' ಅನ್ನುತ್ತಾನೆ. ಅಷ್ಟು ಹೆದರಬೇಕಾ?

ಉತ್ತರ: ನಿಮ್ಮ ಗೆಳೆಯ ಸುಮ್ನೆ ಹೆದರಿಸುತ್ತಿಲ್ಲ. ಇವ್ಯಾಲ್ ಕೊಟ್ಟದ್ದನ್ನು ಪೈಥಾನ್ ಕೋಡ್ ಅಂತಲೇ ಓಡಿಸುತ್ತದೆ, ಸೂತ್ರದ ಜಾಗದಲ್ಲಿ ಕಳ್ಳರು ಕೆಟ್ಟ ಕೋಡ್ ಬರೆದರೂ ಓಡಿಸಿಬಿಡುತ್ತದೆ. ಆದರೆ ನನಗೆ ಪೆಟ್ಟು ಬಿದ್ದದ್ದು ಕಳ್ಳರಿಂದ ಅಲ್ಲ, ಒಂದು ನಕ್ಷತ್ರ ಚಿಹ್ನೆಯಿಂದ.

ನಾನೂ ಹೀಗೇ ಇವ್ಯಾಲ್ ಇಟ್ಟಿದ್ದೆ. ಒಬ್ಬರು 'ಎಣಿಕೆ * ತೂಕ * ದರ' ಬರೆಯುವಾಗ ಎರಡೂ ಕಡೆ ನಕ್ಷತ್ರವನ್ನು ಎರಡೆರಡು ಸಲ ಒತ್ತಿಬಿಟ್ಟರು. ಪೈಥಾನ್‌ನಲ್ಲಿ ಎರಡು ನಕ್ಷತ್ರ ಅಂದರೆ ಘಾತ, ಅದೂ ಬಲಗಡೆಯಿಂದ ಲೆಕ್ಕ. 40, 250, 12 ಅನ್ನುವ ಮಾಮೂಲಿ ಅಂಕಿಗಳು. 250ರ 12ನೇ ಘಾತವೇ 29 ಅಂಕೆಯ ಸಂಖ್ಯೆ, 40ಕ್ಕೆ ಅದು ಘಾತ! ಪೈಥಾನ್ ಪೂರ್ಣಾಂಕಕ್ಕೆ ಮಿತಿ ಇಡುವುದಿಲ್ಲ, ಹಾಗಾಗಿ ಪಾಪ, ನಿಷ್ಠೆಯಿಂದ ಲೆಕ್ಕ ಹಾಕುತ್ತಾ ಕೂತಿತು. ತಪ್ಪಿನ ಸಂದೇಶವೇ ಇಲ್ಲ, ಪರದೆ ಸ್ತಬ್ಧ. ಕಂಪ್ಯೂಟರ್ ಕೆಟ್ಟಿದೆ ಅಂದುಕೊಂಡು ಅವರು ಮೂರು ಸಲ ರೀಸ್ಟಾರ್ಟ್ ಮಾಡಿದ್ದರು.

ಇನ್ನು ಕಳ್ಳರ ವಿಷಯ. ಬಿಲ್ಟ್‌ಇನ್ ಫಂಕ್ಷನ್‌ಗಳ ಜಾಗದಲ್ಲಿ ಖಾಲಿ ಡಿಕ್ಷನರಿ (ಹೆಸರು-ಮೌಲ್ಯಗಳ ಪಟ್ಟಿ) ಕೊಟ್ಟು, ಪೈಥಾನ್ ಜೊತೆಗೇ ಬರುವ ಆ ಫಂಕ್ಷನ್ ಯಾವುದೂ ಸೂತ್ರಕ್ಕೆ ಸಿಗದ ಹಾಗೆ ಮಾಡಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ಸಾಲದು. ಬರೀ ಒಂದು ಖಾಲಿ ಟ್ಯೂಪಲ್ (ಆವರಣದೊಳಗಿನ ಮೌಲ್ಯಗಳ ಪಟ್ಟಿ) ಬರೆದು, ಅದರ ಕ್ಲಾಸ್, ಅಂದರೆ ಬಗೆ, ಯಾವುದು, ಆ ಕ್ಲಾಸಿನ ಮೂಲ ಯಾವುದು, ಆ ಮೂಲದಿಂದ ಹುಟ್ಟಿದ ಕ್ಲಾಸ್‌ಗಳು ಯಾವುವು ಅಂತ ಹತ್ತಿ ಇಳಿದರೆ ಫೈಲ್ ಅಳಿಸುವ ಜಾಗದವರೆಗೂ ಹೋಗಬಹುದು. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. 'ಲಿಟರಲ್ ಇವ್ಯಾಲ್' ಅಂತ ಇನ್ನೊಂದಿದೆ. ಅದು ಬರೆದಿಟ್ಟ ಮೌಲ್ಯಗಳನ್ನು ಓದಲು ಮಾತ್ರ, 2 * 3 ಕೊಟ್ಟರೂ ಒಲ್ಲೆ ಅನ್ನುತ್ತದೆ.

ಹಾಗಾದರೆ ಏನು ಮಾಡಬೇಕು? ಪೈಥಾನ್‌ನ ಎಎಸ್‌ಟಿ ಮಾಡ್ಯೂಲ್ ಸೂತ್ರವನ್ನು ಓಡಿಸದೆಯೇ ಬಿಡಿಸಿ ಒಂದು ಮರದಂತೆ ಕೊಡುತ್ತದೆ. ಆ ಮರದ ಒಂದೊಂದು ಗಂಟನ್ನೂ ನೀವೇ ನೋಡಿ. ಕೂಡು, ಕಳೆ, ಗುಣಿಸು, ಭಾಗಿಸು, ಸಂಖ್ಯೆ, ನೀವು ಕೊಟ್ಟ ಹೆಸರುಗಳು, ಬೇಕಿದ್ದರೆ ಮಿನ್, ಮ್ಯಾಕ್ಸ್, ರೌಂಡ್. ಇಷ್ಟಕ್ಕೆ ಮಾತ್ರ ಒಪ್ಪಿಗೆ. ಘಾತವೂ ಸೇರಿ ಬೇರೆ ಏನು ಕಂಡರೂ 'ಇದು ಇಲ್ಲಿ ನಡೆಯುವುದಿಲ್ಲ' ಅಂತ ವಾಪಸ್ ಕಳಿಸಿ. ಒಂದು ಎಚ್ಚರಿಕೆ: 'ಕಾನ್‌ಸ್ಟಂಟ್' ಗಂಟಿನಲ್ಲಿ, ಅಂದರೆ ನೇರವಾಗಿ ಬರೆದ ಮೌಲ್ಯದ ಗಂಟಿನಲ್ಲಿ, ಸಂಖ್ಯೆಯಷ್ಟೇ ಅಲ್ಲ, ಅಕ್ಷರಗಳೂ ಬರುತ್ತವೆ. ಒಂದು ಅಕ್ಷರವನ್ನು ನೂರು ಕೋಟಿಯಿಂದ ಗುಣಿಸಿದರೆ ಮೆಮೊರಿ ಗೋವಿಂದ! ಸಂಖ್ಯೆ ಹೌದೋ ಅಲ್ಲವೋ ನೋಡಿಯೇ ಒಳಗೆ ಬಿಡಿ. ಸೂತ್ರದ ಉದ್ದಕ್ಕೂ ಮಿತಿ ಇರಲಿ. ನಾನು 200 ಅಕ್ಷರ ಇಟ್ಟಿದ್ದೇನೆ, ಇದುವರೆಗೆ ಯಾರೂ ಸಾಲದು ಅಂದಿಲ್ಲ.

ಮರವನ್ನು ಒಮ್ಮೆ ಕಟ್ಟಿ ಇಟ್ಟುಕೊಳ್ಳಿ. ಮಾಹಿತಿಯ ಪ್ರತಿ ಸಾಲಿಗೂ ಸೂತ್ರವನ್ನು ಮತ್ತೆ ಮತ್ತೆ ಬಿಡಿಸುವುದು ದಂಡ.

ನೀವು ಸೂತ್ರದಲ್ಲಿ ಕನ್ನಡದ ಹೆಸರುಗಳನ್ನೇ ಬಳಸಿದ್ದು ನೋಡಿ ಖುಷಿಯಾಯಿತು. ಪೈಥಾನ್ 3 ಅದನ್ನು ಒಪ್ಪುತ್ತದೆ. ಆದರೆ 'ಪ್ಯಾಕಿಂಗ್‌ಖರ್ಚು' ಅಂತ ಸೇರಿಸಿ ಟೈಪ್ ಮಾಡಿದರೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದು ನಡುವೆ ಕೂತಿರುತ್ತದೆ. ಪೈಥಾನ್ ಅದಕ್ಕೆ ತಕರಾರು ತೆಗೆಯುತ್ತದೆ. ಕಾಣದ್ದನ್ನು ಹುಡುಕುತ್ತಾ ನಾನು ಅರ್ಧ ದಿನ ಕಳೆದಿದ್ದೇನೆ. 'ಪ್ಯಾಕಿಂಗ್_ಖರ್ಚು' ಅಂತ ಅಡಿಗೆರೆ ಹಾಕಿದರೆ ಮುಗಿಯಿತು.

ಪ್ರಶ್ನೆ: ನನ್ನದು ಸಿ++ನಲ್ಲಿ ಬರೆದ ಆಟ. ಬಾಗಿಲು ಯಾವಾಗ ತೆರೆಯಬೇಕು ಅನ್ನುವಂಥ ಷರತ್ತುಗಳನ್ನು ಹೊರಗಿನ ಫೈಲಿನಲ್ಲಿ ಇಡಬೇಕು. ಅವನ್ನು ಓದಿ ಬಿಡಿಸುವ ಪಾರ್ಸರ್ ನಾನೇ ಬರೆಯಬೇಕಾ?

ಉತ್ತರ: ಬೇಡ, ಲುವಾ ಸೇರಿಸಿಕೊಳ್ಳಿ. 1993ರಲ್ಲಿ ಬ್ರೆಜಿಲ್‌ನ ರಿಯೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿದ ಭಾಷೆ. ದೊಡ್ಡ ಪ್ರೋಗ್ರಾಮಿನ ಹೊಟ್ಟೆಯಲ್ಲಿ ಕೂತು ಕೆಲಸ ಮಾಡಲೆಂದೇ ಮಾಡಿದ್ದು. ಮೊದಲ ದಿನ ಎಲ್ಲರೂ ಎಡವುವ ಜಾಗ ಒಂದಿದೆ. 'ಕೀಲಿ > 2' ಥರದ ಬರೀ ಷರತ್ತು ಲುವಾಗೆ ಪೂರ್ತಿ ವಾಕ್ಯವಲ್ಲ. ಓಡಿಸುವ ಮೊದಲು ಮುಂದೆ 'ರಿಟರ್ನ್' ಅಂಟಿಸಿ. ತಪ್ಪಾದರೆ ಅದನ್ನು ಹಿಡಿದುಕೊಳ್ಳುವ ಪಿ-ಕಾಲ್ ಫಂಕ್ಷನ್ ಮೂಲಕವೇ ಕರೆಯಿರಿ, ಷರತ್ತಿನಲ್ಲಿ ತಪ್ಪಿದ್ದರೂ ಆಟ ಬೀಳುವುದಿಲ್ಲ. ಲುವಾ ತನ್ನ ಉತ್ತರವನ್ನು ಸ್ಟ್ಯಾಕ್ ಎಂಬ ಅಟ್ಟಿಯ ಮೇಲೆ ಇಡುತ್ತದೆ. ಉತ್ತರ ತೆಗೆದುಕೊಂಡ ಮೇಲೆ ಸ್ಟ್ಯಾಕ್‌ನಿಂದ ಅದನ್ನು ಇಳಿಸಲು ಮರೆಯಬೇಡಿ. ಎಲ್ಲ ಲೈಬ್ರರಿ ಒಟ್ಟಿಗೆ ತೆರೆಯುವ ಫಂಕ್ಷನ್ ಬಳಸಿದರೆ ಫೈಲ್ ಮುಟ್ಟುವ ಅಧಿಕಾರವೂ ಜೊತೆಗೆ ಹೋಗುತ್ತದೆ, ಬೇಕಾದ್ದನ್ನಷ್ಟೇ ತೆರೆಯಿರಿ.

ಅಂದಹಾಗೆ, ಮೇಲೆ ನಾನು ಬರೆದ 'ಕೀಲಿ' ಓದಲಿಕ್ಕೆ ಮಾತ್ರ. ಲುವಾದಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.