ದೂರು ಕೊಟ್ಟರೆ ನನ್ನ ಹೆಸರು ಊರಿಗೆಲ್ಲ ಗೊತ್ತಾಗುತ್ತಾ?

ನೀವು ಬಾಗಲಕೋಟೆ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಅಕ್ಕೋರು. ಏಳನೇ ಕ್ಲಾಸಿನ ಹುಡುಗಿ ತನ್ನ ಸಂಬಂಧಿಕನೊಬ್ಬ ಮೈ ಮುಟ್ಟುವುದನ್ನು ನಿಮ್ಮ ಹತ್ತಿರ ಹೇಳಿಕೊಂಡಿದ್ದಾಳೆ. ದೂರನ್ನು ಯಾರ್ಯಾರು ನೋಡುತ್ತಾರೆ ಅಂತ ಕೇಳಿದ್ದೀರಿ. ನಾನು ಇದೇ ಜಿಲ್ಲೆಯಲ್ಲಿ ಇಂಥ ಮಕ್ಕಳ ಜೊತೆ ಠಾಣೆ, ಆಸ್ಪತ್ರೆ, ಕೋರ್ಟು ಅಂತ ಓಡಾಡುವ ಕೆಲಸದಲ್ಲಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಹುಡುಗಿಯ ಹೆಸರಿಗೆ ಕಾನೂನು ಗಟ್ಟಿ ಕಾವಲು ಹಾಕಿದೆ. ನಿಮ್ಮ ಹೆಸರಿಗೆ ಅಷ್ಟು ಗಟ್ಟಿ ಇಲ್ಲ. ನೀವೇ ಠಾಣೆಗೆ ಹೋಗಿ ದೂರು ಬರೆದುಕೊಟ್ಟರೆ ಎಫ್‌ಐಆರ್‌ನಲ್ಲಿ ದೂರುದಾರರು ನೀವೇ ಆಗುತ್ತೀರಿ. ಮುಂದೆ ಚಾರ್ಜ್‌ಶೀಟ್ ಆದಾಗ ಆರೋಪಿಗೂ ಅವನ ವಕೀಲರಿಗೂ ಪ್ರತಿ ಹೋಗುತ್ತದೆ. ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಹೆಸರು ಹೇಳದೆಯೂ ವಿಷಯ ತಿಳಿಸಬಹುದು. ಆದರೆ ಹುಡುಗಿ ಮೊದಲು ಬಾಯಿಬಿಟ್ಟದ್ದು ನಿಮ್ಮ ಮುಂದೆ, ಹಾಗಾಗಿ ಸಾಕ್ಷಿ ಹೇಳಲು ನಿಮ್ಮನ್ನು ಕರೆಯಬಹುದು. ಯಾರಾದರೂ ಬೆದರಿಸಿದರೆ 2018ರ ಸಾಕ್ಷಿ ರಕ್ಷಣಾ ಯೋಜನೆ ಇದೆ. ಜಿಲ್ಲಾ ನ್ಯಾಯಾಧೀಶರ ಸಮಿತಿಗೆ ಅರ್ಜಿ ಕೊಡಬೇಕು.

ಸುಮ್ನೆ ಇರುವ ದಾರಿ ಮಾತ್ರ ಇಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹೆಡ್‌ಮಾಸ್ತರರಿಗೆ ಹೇಳಿ ಕೈತೊಳೆದುಕೊಂಡರೂ ಸಾಲದು, ಮಾಹಿತಿ ಪೊಲೀಸರಿಗೆ ಮುಟ್ಟಬೇಕು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ, ಅದೂ ಅದೇ ಕಾಯ್ದೆಯಲ್ಲಿದೆ.

ಇನ್ನು ದೂರು ಓದುವವರು ಯಾರು? ತನಿಖೆ ಮಾಡುವ ಪೊಲೀಸರು, ಪರೀಕ್ಷೆ ಮಾಡುವ ಡಾಕ್ಟರು, ಹೇಳಿಕೆ ಪಡೆಯುವ ಮ್ಯಾಜಿಸ್ಟ್ರೇಟ್, ವಿಶೇಷ ಕೋರ್ಟು, ಸರ್ಕಾರಿ ವಕೀಲರು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಬೇಕು. ನನ್ನಂಥ ಬೆಂಬಲ ವ್ಯಕ್ತಿಯನ್ನು ಕೊಟ್ಟರೆ ನಮಗೂ ಗೊತ್ತಾಗುತ್ತದೆ, ಆದರೆ ಹೊರಗೆ ಹೇಳುವ ಹಾಗಿಲ್ಲ. ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ. ಇಂಥ ಎಫ್‌ಐಆರ್‌ಗಳನ್ನು ವೆಬ್‌ಸೈಟಿಗೆ ಹಾಕಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೂ 2018ರಲ್ಲೂ ಹೇಳಿದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಪಂಚಾಯ್ತಿ ಮೆಂಬರು, ಊರ ಹಿರಿಯರು ಬಂದು 'ಒಂದು ಪ್ರತಿ ತೋರಿಸ್ರಿ ಅಕ್ಕೋರೇ' ಅಂದರೆ ತೋರಿಸಬೇಡಿ. ಅವರಿಗೆ ಆ ಹಕ್ಕಿಲ್ಲ. ರಾಜಿ ಮಾಡಿಸೋಣ ಎಂಬ ಮಾತು ಬರುವುದೂ ಹೆಚ್ಚಾಗಿ ಇವರ ಬಾಯಿಂದಲೇ.

ನಾನು ಕಂಡಂತೆ ಹೆಸರು ಸೋರುವುದು ಠಾಣೆಯಿಂದ ಅಲ್ಲ, ಶಾಲೆಯ ಆವಕ-ಜಾವಕ ಪುಸ್ತಕದಿಂದ. ಪತ್ರ ಕಳಿಸುವಾಗ ಗುಮಾಸ್ತರು ವಿಷಯದ ಕಾಲಮ್ಮಿನಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ತರಗತಿ ಎಲ್ಲ ಚಂದಾಗಿ ಬರೆದುಬಿಡುತ್ತಾರೆ. ಆ ಪುಸ್ತಕ ಮೇಜಿನ ಮೇಲೇ ಬಿದ್ದಿರುತ್ತದೆ. ಹಾಲಿನ ಬಿಲ್ಲಿಗೆ ಸಹಿ ಹಾಕಲು ಬಂದವನೂ ಓದಬಹುದು! ಅಲ್ಲಿ 'ಗೋಪ್ಯ ಪತ್ರ' ಅಂತ, ನಂಬರು, ತಾರೀಖು ಇದ್ದರೆ ಸಾಕು. ಪತ್ರ ಅಂಟಿಸಿದ ಲಕೋಟೆಯಲ್ಲಿ ಹೋಗಲಿ, ಕಚೇರಿ ಪ್ರತಿ ಬೀಗದ ಕಪಾಟಿನಲ್ಲಿರಲಿ. ಪತ್ರದ ಫೋಟೋ ಹೊಡೆದು ಮಾಸ್ತರರ ವಾಟ್ಸಾಪ್ ಗ್ರೂಪಿಗೆ ಹಾಕುವವರಿದ್ದಾರೆ, ಅವರ ಮೇಲೆ ಸ್ವಲ್ಪ ಕಣ್ಣಿರಲಿ.

ಪತ್ರಿಕೆಯವರು ಬಂದರೆ ಹೆಸರು ಹೇಳದಿದ್ದರೆ ಸಾಕು ಅಂದುಕೊಳ್ಳಬೇಡಿ. ಶಾಲೆ, ಮನೆಯವರು, ನೆರೆಹೊರೆ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಹಾಕಬಾರದು ಅಂತ ಪೋಕ್ಸೊ 23ನೇ ಕಲಂ ಹೇಳುತ್ತದೆ. ಇನ್ನೂರು ಮನೆಯ ಊರಲ್ಲಿ 'ಏಳನೇ ಕ್ಲಾಸಿನ ಹುಡುಗಿ' ಅಂದರೂ ಯಾರು ಅಂತ ಗೊತ್ತಾಗಿಬಿಡುತ್ತದೆ ಅಲ್ವಾ?

ಹುಡುಗಿ ಹೇಳಿದ್ದನ್ನು ಅವಳದೇ ಮಾತಿನಲ್ಲಿ ತಾರೀಖು ಹಾಕಿ ಇವತ್ತೇ ಬರೆದಿಡಿ. ಮತ್ತೆ ಮತ್ತೆ ಕೇಳಿ ಹೇಳಿಸಬೇಡಿ, ಅದು ಪೊಲೀಸರ ಕೆಲಸ. ಅವರು ಹೇಳಿಕೆ ಪಡೆಯಲು ಬಂದಾಗ ಸಮವಸ್ತ್ರದಲ್ಲಿ ಇರಬಾರದು, ಅವಳ ಮನೆಯಲ್ಲೋ ಅವಳಿಗೆ ಬೇಕಾದ ಜಾಗದಲ್ಲೋ ಮಾತಾಡಿಸಬೇಕು. ಆರೋಪಿ ಅದೇ ಮನೆಯಲ್ಲಿದ್ದರೆ ಪೊಲೀಸರಿಗೆ ಫೋನಿನಲ್ಲೇ ಮೊದಲು ಅದನ್ನು ಹೇಳಿ.