ಮಳೆನೀರಿಗೂ ಬಿಲ್ಲೇ?

ಪ್ರಶ್ನೆ: ಕೆಲವು ದೇಶಗಳ ನಗರಗಳಲ್ಲಿ ನೀರಿನ ಬಿಲ್ ಜೊತೆ ಮಳೆನೀರಿನ ಶುಲ್ಕವನ್ನೂ ವಸೂಲಿ ಮಾಡುತ್ತಾರಂತೆ. ಚರಂಡಿ ನೋಡಿಕೊಳ್ಳಲೆಂದೇ ಆಸ್ತಿ ತೆರಿಗೆ ಇದೆಯಲ್ಲ, ಮತ್ತೆ ಇದೇಕೆ? ಇದರ ಲೆಕ್ಕ ಹೇಗೆ ಹಾಕುತ್ತಾರೆ?

ಉತ್ತರ: ಶುಲ್ಕ ಬೀಳುವುದು ಮಳೆಗಲ್ಲ, ನಿಮ್ಮ ಜಾಗದಿಂದ ಹರಿದು ಆಚೆ ಬರುವ ನೀರಿಗೆ. ಮಣ್ಣಿನ ನೆಲ ಸಾಕಷ್ಟು ನೀರನ್ನು ಹೀರಿಕೊಳ್ಳುತ್ತದೆ. ತಾರಸಿ, ಕಾಂಕ್ರೀಟು, ಡಾಂಬರಿನ ಮೇಲೆ ಬಿದ್ದದ್ದು ನೇರ ಚರಂಡಿಗೆ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 1,000 ಚದರ ಮೀಟರಿನ ಪಾರ್ಕಿಂಗ್ ಜಾಗದಲ್ಲಿ 25 ಮಿ.ಮೀ. ಸುರಿದರೆ ಹೆಚ್ಚುಕಡಿಮೆ 25,000 ಲೀಟರ್ ರಸ್ತೆಗೆ ನುಗ್ಗುತ್ತದೆ.

ಆಸ್ತಿ ತೆರಿಗೆಗೂ ಈ ಹರಿವಿಗೂ ಸಂಬಂಧವಿಲ್ಲ, ಅದು ನಿಂತಿರುವುದು ಆಸ್ತಿಯ ಬೆಲೆಯ ಮೇಲೆ. ಬಹುಮಹಡಿ ಕಟ್ಟಡದ ತೆರಿಗೆ ದೊಡ್ಡದು, ತಾರಸಿ ಚಿಕ್ಕದು. ಡಾಂಬರು ಹಾಕಿದ ಬಯಲಿನದು ತದ್ವಿರುದ್ಧ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊದಲು ನೀರಿನ ಮೀಟರಿನ ಗಾತ್ರ ನೋಡಿ ಈ ಶುಲ್ಕ ಹಾಕುತ್ತಿದ್ದರು. ನಲ್ಲಿಯೇ ಇಲ್ಲದ ಪಾರ್ಕಿಂಗ್ ಜಾಗಗಳು ಬಿಡಿಗಾಸೂ ಕೊಡದೆ ನುಣುಚಿಕೊಂಡಿದ್ದವು. 2010ರಿಂದ ಮನೆಗಳಲ್ಲದ ಆಸ್ತಿಗಳಿಗೆ ವಿಸ್ತೀರ್ಣವೇ ಆಧಾರವಾಯಿತು, ಹೊರೆ ಹೊರಬೇಕಾದವರ ಹೆಗಲಿಗೆ ಬಂತು.

ಇನ್ನೊಂದು ಕಾರಣ ನನಗೆ ಅಷ್ಟೇ ಮುಖ್ಯ. ತೆರಿಗೆಯ ಹಣ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ, ಮಳೆ ಕೈಕೊಟ್ಟ ವರ್ಷ ಚರಂಡಿಯನ್ನು ಯಾರೂ ನೆನೆಯುವುದಿಲ್ಲ. ಶುಲ್ಕದ ಹಣ ಪ್ರತ್ಯೇಕ ನಿಧಿಯಲ್ಲಿರುತ್ತದೆ. ಹೂಳೆತ್ತುವ ಕೆಲಸಕ್ಕೆ ಪ್ರತಿವರ್ಷ ಖಚಿತ ಆದಾಯ, ಅದರ ಆಧಾರದ ಮೇಲೆ ಸಾಲವನ್ನೂ ಎತ್ತಬಹುದು.

ಲೆಕ್ಕ ಸರಳ. ಊರಿನ ಸರಾಸರಿ ಮನೆಯೊಂದರಲ್ಲಿ ನೀರು ಇಂಗದ ಜಾಗ ಎಷ್ಟೆಂದು ವೈಮಾನಿಕ ಚಿತ್ರಗಳಿಂದ ಅಳೆದು, ಅದನ್ನೇ ಒಂದು ಯೂನಿಟ್ ಎನ್ನುತ್ತಾರೆ. ಯೂನಿಟ್ 250 ಚದರ ಮೀಟರ್ ಎಂದಿಟ್ಟುಕೊಳ್ಳಿ: ನೀರು ಇಂಗದ ಜಾಗ 5,000 ಚದರ ಮೀಟರ್ ಇರುವ ಮಳಿಗೆಗೆ 20 ಯೂನಿಟ್. ಎಷ್ಟೋ ಕಡೆ ಮನೆಗಳಿಗೆಲ್ಲ ಒಂದೇ ದರ. ಚಿಕ್ಕ ಮನೆಯೂ ಬಂಗಲೆಯೂ ಸಮನಾಗಿ ಕೊಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಬರ್ಲಿನ್ನಿನಲ್ಲಿ ಚದರ ಮೀಟರಿಗಿಷ್ಟು ಎಂದು ಲೆಕ್ಕ ಹಾಕುತ್ತಾರೆ, ಅದೇ ಸರಿ.

ಇದು ಹೆಸರು ಬದಲಿಸಿಕೊಂಡ ತೆರಿಗೆಯಲ್ಲವೇ ಎಂಬ ತಕರಾರು ಕೋರ್ಟಿಗೂ ಹೋಗಿದೆ. 1998ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಸುಪ್ರೀಂ ಕೋರ್ಟ್, ಲ್ಯಾನ್ಸಿಂಗ್ ನಗರದ ಶುಲ್ಕ ವಾಸ್ತವದಲ್ಲಿ ತೆರಿಗೆಯೇ, ಮತದಾರರ ಒಪ್ಪಿಗೆಯಿಲ್ಲದೆ ವಿಧಿಸುವಂತಿಲ್ಲ ಎಂದು ಹೊಡೆದುಹಾಕಿತು. ಶುಲ್ಕ ಎನ್ನಿಸಿಕೊಳ್ಳಬೇಕಾದರೆ ಅದನ್ನು ತಗ್ಗಿಸಿಕೊಳ್ಳುವ ದಾರಿ ಕಟ್ಟುವವರ ಕೈಯಲ್ಲಿರಬೇಕು. ಇಂಗುಗುಂಡಿ ತೋಡಿದರೆ, ನೀರಿಳಿಯುವ ಹಾಸು ಹಾಕಿದರೆ, ತಾರಸಿ ನೀರನ್ನು ತೊಟ್ಟಿಗೆ ಹಿಡಿದರೆ ಬಿಲ್ ಇಳಿಯಬೇಕು. ಅನೇಕ ನಗರಗಳು ಈ ರಿಯಾಯಿತಿ ಕೊಡುತ್ತವೆ, ಆದರೆ ಅರ್ಜಿ ಹಾಕಿದವರಿಗೆ ಮಾತ್ರ. ಅಂಥ ಊರಿನಲ್ಲಿ ನಿಮಗೆ ಬಿಲ್ ಬಂದರೆ ಮೊದಲು ಅಳತೆಯನ್ನು ಪರೀಕ್ಷಿಸಿ. ಚಿತ್ರದಲ್ಲಿ ಗಟ್ಟಿ ಮಣ್ಣಿನ ಅಂಗಳವೂ ಕಾಂಕ್ರೀಟಿನಂತೆ ಕಾಣಬಹುದು.