ಕಾಳಿ ಯಾರನ್ನೂ ಹತ್ತಿರ ಸೇರಿಸ್ತಿಲ್ಲ

ಪ್ರಶ್ನೆ: ನಮಸ್ಕಾರ ಅಕ್ಕಾ. ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಮನೆಯಲ್ಲಿ 3 ವರ್ಷದ ಕಪ್ಪು ಹೆಣ್ಣು ಮೊಲ ಇದೆ, ಹೆಸರು ಕಾಳಿ. ಪಾಪ ಒಂಟಿ ಅಂತ ಹೋದ ವಾರ ಕುಶಾಲನಗರದ ಸಂತೆಯಿಂದ 5 ತಿಂಗಳ ಎರಡು ಮೊಲ ತಂದೆವು, ಅಣ್ಣ-ತಂಗಿ ಅಂತೆ. ಕಾಳಿಯ ಗೂಡಿಗೆ ಬಿಟ್ಟಿದ್ದೇ ತಡ, ಗುರ್ ಅಂತ ಹಾರಿ ಒಂದರ ಕಿವಿ ಹರಿಯಿತು. ಬಿಡಿಸಲು ಹೋದ ಮಗಳ ಬೆರಳಿಗೂ ಕಚ್ಚಿತು. ಈಗ ಅಣ್ಣ-ತಂಗಿ ಬೇರೆ ಗೂಡಲ್ಲಿ ಒಟ್ಟಿಗಿವೆ. ನಮ್ಮತ್ತೆ ಕಾಳಿಯನ್ನು ಯಾರಿಗಾದರೂ ಕೊಟ್ಟುಬಿಡಿ ಅಂತಾರೆ. ಕೊಟ್ಟರೆ ಅದು ಸಾರಾಗುತ್ತೆ ಅಂತ ಮಗಳು ಅಳ್ತಾಳೆ. ಇವು ಯಾವತ್ತಾದರೂ ಹೊಂದಿಕೊಳ್ಳುತ್ತವಾ?

ಉತ್ತರ: ಕಾಳಿಯ ವಿಷಯ ಆಮೇಲೆ. ಮೊದಲು ಎದ್ದು ಹೋಗಿ ಆ ಅಣ್ಣ-ತಂಗಿಯನ್ನು ಬೇರೆ ಮಾಡಿ, ಇವತ್ತೇ. ಮೊಲಗಳಿಗೆ ಅಣ್ಣ ತಂಗಿ ಅಂತ ಏನೂ ಇಲ್ಲ, 5 ತಿಂಗಳಿಗೆಲ್ಲ ಬೆಳೆದಿರುತ್ತವೆ. ಗರ್ಭ ಕಟ್ಟಿದರೆ ಸುಮಾರು 31 ದಿನಕ್ಕೆ ಮರಿ. ಸಂತೆಯವರು ಹೇಳಿದ ಗಂಡು-ಹೆಣ್ಣಿನ ಲೆಕ್ಕವನ್ನೂ ನಂಬಬೇಡಿ, ಡಾಕ್ಟರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ. ಹರಿದ ಕಿವಿಯನ್ನೂ ಆಗಲೇ ತೋರಿಸಿ, ಮೊಲ ಕಚ್ಚಿದ ಗಾಯ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಗಟ್ಟಿ ಕೀವು ಕಟ್ಟುತ್ತದೆ. ಮಗಳ ಬೆರಳನ್ನೂ ಅಲಕ್ಷ್ಯ ಮಾಡಬೇಡಿ.

ಇನ್ನು ಕಾಳಿ. ಅವಳದ್ದು ತಪ್ಪಿಲ್ಲ ಅಂತಲೇ ನನಗನಿಸುತ್ತದೆ. 3 ವರ್ಷದಿಂದ ಅದು ಅವಳ ಮನೆ, ಪ್ರತಿ ಮೂಲೆಗೂ ಅವಳದೇ ವಾಸನೆ. ಕೇಳದೆ ಇಬ್ಬರನ್ನು ತಂದು ಒಳಗೆ ಬಿಟ್ಟರೆ ನಾವಾದರೂ ಸುಮ್ನಿರ್ತೀವಾ? ಆಪರೇಷನ್ ಆಗದ ಹೆಣ್ಣು ಮೊಲಕ್ಕೆ ಜಾಗದ ಮೇಲಿನ ಹಕ್ಕು ಇನ್ನೂ ಜಾಸ್ತಿ. ಹಾಗಾಗಿ ಮೂರಕ್ಕೂ ಸಂತಾನಹರಣ ಆಪರೇಷನ್ ಮಾಡಿಸದೆ ಜೋಡಿಸುವ ಮಾತೇ ಬೇಡ. ವಯಸ್ಸಾದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ, ಅದೂ ತಪ್ಪುತ್ತದೆ. ದನದ ಡಾಕ್ಟರು ಒಳ್ಳೆಯವರೇ ಇರಬಹುದು, ಆದರೆ ಮೊಲಕ್ಕೆ ಅರಿವಳಿಕೆ ಕೊಟ್ಟು ಅಭ್ಯಾಸ ಇದೆಯಾ ಅಂತ ಸಂಕೋಚ ಬಿಟ್ಟು ಕೇಳಿ, ಇಲ್ಲದಿದ್ದರೆ ಮೈಸೂರಿಗೆ ಹೋಗಬೇಕಾದರೂ ಹೋಗಿ. ಆಪರೇಷನ್ನಿನ ಹಿಂದಿನ ರಾತ್ರಿ ಮೊಲವನ್ನು ಉಪವಾಸ ಇಡಬೇಡಿ. ನಾಯಿ ಬೆಕ್ಕಿಗೆ ಅದು ಸರಿ, ಮೊಲಕ್ಕೆ ವಾಂತಿಯೇ ಆಗುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಂತುಹೋಗುವ ಅಪಾಯ. ಹಲ್ಲು ನೋವು, ಪಾದದ ಹುಣ್ಣು ಇದ್ದರೂ ಮೊಲ ಹೀಗೇ ಸಿಡುಕುತ್ತದೆ, ಅದನ್ನೂ ನೋಡಿಸಿ.

ಆಪರೇಷನ್ ಆದ ಮೇಲೂ 6 ವಾರ ಕಾಯಬೇಕು. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಾನು ಒಮ್ಮೆ ಗಂಡಿಗೆ ಆಪರೇಷನ್ ಆಗಿ ಎರಡೇ ವಾರಕ್ಕೆ, ಇನ್ನೇನು ಆಗುತ್ತೆ ಅಂತ ಹೆಣ್ಣಿನ ಜೊತೆ ಬಿಟ್ಟೆ. ಒಂದು ತಿಂಗಳ ನಂತರ ಬೆಳಿಗ್ಗೆ ನೋಡಿದರೆ ಅವಳು ಎದೆಯ ಕೂದಲನ್ನು ಬಾಯಲ್ಲೇ ಕಿತ್ತು ಗೋಣಿ ತಾಟಿನ ಮೂಲೆಗೆ ತುಂಬುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ಕೂದಲ ರಾಶಿ ತಾನಾಗಿ ಅಲ್ಲಾಡುತ್ತಿತ್ತು. ಒಳಗೆ ಕೂದಲಿಲ್ಲದ, ಹೆಬ್ಬೆರಳಿನಷ್ಟು ದೊಡ್ಡ ಐದು ಮರಿ! ಗಂಡಿನಲ್ಲಿ ಆಪರೇಷನ್ ಆದ ಮೇಲೂ ಕೆಲವು ವಾರ ವೀರ್ಯ ಉಳಿದಿರುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು, ಮೊದಲೇ ಹೇಳಿರಲಿಲ್ಲ.

ಈ ಕಾಯುವ ವಾರಗಳಲ್ಲಿ ಗೂಡುಗಳನ್ನು ಅಕ್ಕಪಕ್ಕ ಇಡಿ. ಜಾಲರಿಗೆ ಜಾಲರಿ ತಾಗಿಸಬೇಡಿ, ಒಂದು ಗೇಣು ಬಿಡಿ, ಇಲ್ಲದಿದ್ದರೆ ಸಂದಿಯಲ್ಲೇ ಮೂಗು ಕಚ್ಚುತ್ತವೆ. ಕಾಳಿಯ ಟ್ರೇ ಅವುಗಳಿಗೆ, ಅವುಗಳ ಬಟ್ಟೆ ಕಾಳಿಗೆ ಅದಲುಬದಲು ಮಾಡಿ. ವಾಸನೆ ಹಳೆಯದಾಗಬೇಕು. ಕಾಳಿ ಜಾಲರಿಯ ಆ ಕಡೆ ಬೆನ್ನು ಹಾಕಿ ನಿಶ್ಚಿಂತೆಯಾಗಿ ಮೈ ಚಾಚಿದಳು ಅಂದರೆ ಮುಂದಿನ ಹೆಜ್ಜೆ ಇಡಬಹುದು.

ಭೇಟಿ ಮಾಡಿಸುವುದು ಕಾಳಿ ಯಾವತ್ತೂ ಕಾಲಿಡದ ಜಾಗದಲ್ಲಿ. ಕಾಫಿ ಒಣಗಿಸುವ ಕಣ ಖಾಲಿ ಇದೆಯಲ್ಲ ಅಂತೀರೇನೋ, ಬೇಡ, ಬಿಸಿಲು, ನಾಯಿ, ಮೇಲೆ ಹದ್ದು. ಬಚ್ಚಲುಮನೆ ಸಾಕು, ಜಾರದ ಹಾಗೆ ಗೋಣಿ ಹಾಸಿ. ಮೊದಲು ಕಾಳಿ ಮತ್ತು ಗಂಡು ಮಾತ್ರ, ಗಂಡು-ಹೆಣ್ಣು ಜೋಡಿ ಸಾಮಾನ್ಯವಾಗಿ ಬೇಗ ಕೂಡಿಕೊಳ್ಳುತ್ತದೆ. ತಂಗಿ ಆಮೇಲೆ. ದಿನಕ್ಕೆ 10 ನಿಮಿಷದಿಂದ ಶುರು ಮಾಡಿ. ದಪ್ಪ ಕೈಗವಸು, ಟವೆಲ್, ಪೊರಕೆ ಪಕ್ಕದಲ್ಲಿರಲಿ. ಹೊಡೆಯಲು ಅಲ್ಲ, ಮಧ್ಯೆ ಅಡ್ಡ ಹಿಡಿಯಲು. ಬರಿಗೈ ಹಾಕಿದರೆ ಏನಾಗುತ್ತೆ ಅಂತ ನಿಮ್ಮ ಮಗಳಿಗೆ ಗೊತ್ತು.

ಒಂದರ ಮೇಲೊಂದು ಹತ್ತುವುದು ಗಾಬರಿಯ ವಿಷಯ ಅಲ್ಲ, ಯಾರು ದೊಡ್ಡವರು ಅಂತ ತೀರ್ಮಾನ ಆಗ್ತಿದೆ ಅಷ್ಟೇ. ತಲೆಯ ಕಡೆಯಿಂದ ಹತ್ತಿದರೆ ಮಾತ್ರ ತಕ್ಷಣ ಇಳಿಸಿ, ಕೆಳಗಿನದು ಕಚ್ಚಬಾರದ ಜಾಗಕ್ಕೆ ಕಚ್ಚುತ್ತದೆ. ಕಿವಿ ಹಿಂದಕ್ಕೆ ಅಂಟಿ, ಬಾಲ ಎದ್ದು, ಒಂದರ ಹಿಂದೆ ಒಂದು ಗಿರಗಿರ ಸುತ್ತತೊಡಗಿದರೆ ಜಗಳ ಬಂತು ಅಂತಲೇ ಲೆಕ್ಕ, ಆ ದಿನಕ್ಕೆ ಮುಗಿಸಿ. ಸುಮ್ನೆ ದೂರ ಕೂತು ಮುಖ ತೊಳೆದುಕೊಳ್ಳುತ್ತಾ ಇದ್ದರೆ ಅದು ಒಳ್ಳೆಯ ದಿನ. ಒಂದು ಇನ್ನೊಂದರ ಹಣೆ ನೆಕ್ಕಿದರೆ ನನಗೂ ಬರೆದು ತಿಳಿಸಿ. ಎರಡು ವಾರ ಆಗಬಹುದು, ಮೂರು ತಿಂಗಳೂ ಆಗಬಹುದು. ಕಾರಲ್ಲಿ ಒಟ್ಟಿಗೆ ಕೂರಿಸಿ ಸುತ್ತಾಡಿಸಿ, ಹೆದರಿ ಒಂದಾಗುತ್ತವೆ ಅಂತ ಕೆಲವರು ಹೇಳ್ತಾರೆ. ನಮ್ಮ ಘಾಟಿ ತಿರುವುಗಳಲ್ಲಿ ಆ ಪಾಪದ ಪ್ರಾಣಿಗಳಿಗೆ ಅದು ಬೇಡ.

ಎಷ್ಟು ಮಾಡಿದರೂ ಕಾಳಿ ಒಪ್ಪದಿದ್ದರೆ ಅಕ್ಕಪಕ್ಕದ ಗೂಡಲ್ಲೇ ಇರಲಿ, ಜಾಲರಿ ಆಚೆಯ ಸ್ನೇಹವೂ ಸ್ನೇಹವೇ ಅಲ್ವಾ. ಅವಳ ಗೂಡು ಗುಡಿಸುವಾಗ ಮೊದಲು ಅವಳನ್ನು ಹೊರಗೆ ಬಿಡಿ, ಅವಳಿರುವಾಗ ಕೈ ಹಾಕಬೇಡಿ, ಅರ್ಧ ಸಿಟ್ಟು ಅಲ್ಲಿಗೇ ಇಳಿಯುತ್ತದೆ. ಅತ್ತೆಯವರಿಗೂ ಒಂದು ಮಾತು ಹೇಳಿ ನೋಡಿ: ಮೊಲದ ಹಿಕ್ಕೆಯನ್ನು ಕೊಳೆಸುವುದೂ ಬೇಡ, ನೇರ ಗುಲಾಬಿ ಬುಡಕ್ಕೆ ಹಾಕಬಹುದು. ಮೂರು ಮೊಲ ಅಂದರೆ ದಿನಕ್ಕೆ ಎಷ್ಟು ಹಿಕ್ಕೆ ಅಂತ ಅವರೇ ಲೆಕ್ಕ ಹಾಕಲಿ.